ಕಾಗದದಾಗ ಎಷ್ಟು?

ಹೊಲ ಖರೀದಿಗೆಂದು ಹೋದವರನ್ನು ನಮ್ಮ ಕಡೆ ಪತ್ರ ಬರೆಯುವವರು ಮೊದಲು ಕೇಳುವುದು ಇದನ್ನೇ: “ಕಾಗದದಾಗ ಎಷ್ಟ್ ತೋರಸೋಣ್ರಿ?” ಕೊಟ್ಟ ದುಡ್ಡು ಒಂದು, ತೋರಿಸುವ ದುಡ್ಡು ಇನ್ನೊಂದು. ಈ ರೂಢಿ ಎಷ್ಟು ಹಳತಾಗಿದೆಯೆಂದರೆ, ಮನೆಯಲ್ಲಿ ಸುಳ್ಳಾಡದ ಸಜ್ಜನರಿಗೂ ಇದು ಸುಳ್ಳೆನಿಸುವುದಿಲ್ಲ.

ಸರಕಾರದ ಮಾರ್ಗಸೂಚಿ ದರವೂ ನೆಲದ ಪೂರ್ತಿ ಕಥೆ ಹೇಳುವುದಿಲ್ಲ, ನಿಜ. ಅದು ಊರೂರಿಗೆ ಖುಷ್ಕಿಗಿಷ್ಟು, ನೀರಾವರಿಗಿಷ್ಟು ಎಂದು ಬರೆದಿಡುತ್ತದೆ. ಆದರೆ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಉಂಡು ಬೆಳೆದ ಶಹಾಪುರ, ಸುರಪುರ ಸೀಮೆಯ ರೈತರಿಗೆ ಗೊತ್ತು, ತೂಬಿನ ಪಕ್ಕದ ಎಕರೆಯೇ ಬೇರೆ, ಕಾಲುವೆ ಕೊನೆಯ ಎಕರೆಯೇ ಬೇರೆ. ಪಹಣಿಯಲ್ಲಿ ಎರಡೂ ನೀರಾವರಿ. ಒಂದರಲ್ಲಿ ಭತ್ತ ತೂಗುತ್ತಿರುತ್ತದೆ, ಇನ್ನೊಂದರಲ್ಲಿ ಹತ್ತಿ ಬಾಡುತ್ತಿರುತ್ತದೆ. ಈ ಅಂತರ ದಾಖಲೆಯಲ್ಲಿ ಮೂಡಬೇಕಾದರೆ ಇರುವ ದಾರಿ, ಕೊಂಡವರೂ ಮಾರಿದವರೂ ನಿಜವಾದ ಬೆಲೆ ಬರೆಸುವುದು.

ಬರೆಸದಿದ್ದರೆ ಯಾರಿಗೆ ನಷ್ಟ? ನಾಳೆ ರಸ್ತೆಗೋ ಕಾಲುವೆಗೋ ಭೂಮಿ ಹೋಯಿತೆನ್ನಿ. 2013ರ ಭೂಸ್ವಾಧೀನ ಕಾಯ್ದೆಯಂತೆ ಅಧಿಕಾರಿಗಳು ಎರಡು ಲೆಕ್ಕ ಹಿಡಿಯುತ್ತಾರೆ. ಮುದ್ರಾಂಕಕ್ಕೆ ನಿಗದಿಯಾದ ದರ ಒಂದು. ಸುತ್ತಲಿನ ಅಂಥದ್ದೇ ಜಮೀನುಗಳ ಹಿಂದಿನ 3 ವರ್ಷದ ಖರೀದಿ ಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟನ್ನು ಆರಿಸಿ ತೆಗೆದ ಸರಾಸರಿ ಇನ್ನೊಂದು. ಯಾವುದು ಹೆಚ್ಚೋ ಅದೇ ಬೆಲೆ. ಅದರ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ ಸೇರುವುದರಿಂದ, ಆಧಾರ ಬೆಲೆ ಎಕರೆಗೆ ಒಂದು ಲಕ್ಷ ಇಳಿದರೆ ಪರಿಹಾರ ಕನಿಷ್ಠ ಎರಡು ಲಕ್ಷ ಇಳಿಯುತ್ತದೆ. ನಾವು ಶುಲ್ಕ ಉಳಿಸಲು ಬೆಲೆ ಇಳಿಸಿ ಬರೆಸಿದ ಪತ್ರವೇ ಬದುವಿನಾಚೆಯ ವಿಧವೆಯ ಹೊಲಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಆಕೆ ಆ ವ್ಯವಹಾರದಲ್ಲಿ ಇರಲೇ ಇಲ್ಲ.

ಶುಲ್ಕದ ಹೊರೆ ಸಣ್ಣದಲ್ಲ ಎಂಬುದನ್ನೂ ಒಪ್ಪಬೇಕು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೇ ಶೇ 1ರಿಂದ ಶೇ 2ಕ್ಕೆ ಏರಿದೆ. ಸಾಲ ಮಾಡಿ ಎರಡೆಕರೆ ಕೊಳ್ಳುವವರಿಗೆ ಅದು ಒಂದು ಹಂಗಾಮಿನ ಗೊಬ್ಬರದ ದುಡ್ಡು. ಹಾಗಾಗಿ ಆ ಲೆಕ್ಕವನ್ನು ಕಚೇರಿಯ ಕಟ್ಟೆಯ ಮೇಲೆ ಮಾಡುವುದು ಬೇಡ. ಸಂಚಕಾರ ಕೊಡುವ ದಿನವೇ, ಹಿರಿಯರು ಕೂತಾಗಲೇ, ಶುಲ್ಕ ಇಷ್ಟಾಗುತ್ತದೆ, ಅದರಲ್ಲಿ ನೀವಿಷ್ಟು ಹಿಡಿಯಿರಿ, ನಾವಿಷ್ಟು ಹಿಡಿಯುತ್ತೇವೆ ಎಂದು ಬಾಯಿಬಿಟ್ಟು ಕೇಳಬಹುದು. ಚಹಾ ಬರುವಷ್ಟರಲ್ಲಿ ಮುಗಿಯುವ ಮಾತು ಅದು.