ಮರೆವಿನಲ್ಲೂ ಎಚ್ಚರವಾಗಿರುವವನು



ಮೂರ್ಛೆರೋಗಕ್ಕೆ ನಮ್ಮ ಪ್ರಾಚೀನರು ಇಟ್ಟ ಹೆಸರು ‘ಅಪಸ್ಮಾರ’. ಸ್ಮರಣೆಯು ಅಗಲಿಹೋಗುವ ವ್ಯಾಧಿ ಎಂದು ಇದರ ಅರ್ಥ. ಚರಕಸಂಹಿತೆಯು ಇದನ್ನು ನಿದಾನಸ್ಥಾನದಲ್ಲಿಯೂ ಚಿಕಿತ್ಸಾಸ್ಥಾನದಲ್ಲಿಯೂ ವಿಚಾರಿಸಿ, ವಾತ, ಪಿತ್ತ, ಕಫ, ಸನ್ನಿಪಾತಗಳೆಂಬ ಭೇದದಿಂದ ನಾಲ್ಕು ವಿಧವೆಂದು ವಿಂಗಡಿಸಿದೆ. ಮಿದುಳಿನ ವಿದ್ಯುತ್ ವ್ಯಾಪಾರವು ಕ್ಷಣಕಾಲ ಕ್ರಮತಪ್ಪುವುದೇ ಇದಕ್ಕೆ ಕಾರಣವೆಂದು ಇಂದಿನ ವೈದ್ಯರು ಹೇಳುತ್ತಾರೆ. ಹೆಸರು, ವಿವರಣೆಗಳು ಬೇರೆಯಾದರೂ ಇದು ಚಿಕಿತ್ಸೆಗೆ ಒಳಪಡುವ ದೇಹವ್ಯಾಧಿ ಎಂಬಲ್ಲಿ ಇಬ್ಬರಿಗೂ ಸಮ್ಮತಿಯಿದೆ.

ಶ್ರೀಹರಿಯ ಸ್ಮರಣೆಯನ್ನೇ ಸಾಧನೆಯ ಸಾರವೆಂದು ನಂಬಿದವರು ನಾವು. ಸ್ಮರಣೆಯನ್ನೇ ಕಸಿಯುವ ರೋಗವು ಎರಡು ಮೂರು ವರ್ಷದ ಕೂಸಿಗೆ ಬಂದಾಗ ಹೆತ್ತವರ ಸಂಕಟ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ಅದರಲ್ಲಿಯೂ ಮುಂಬಯಿ, ಪುಣೆ, ಚೆನ್ನೈಯಂಥ ನಗರಗಳಲ್ಲಿ ಎರಡು ಕೋಣೆಯ ಮನೆಯಲ್ಲಿ ಗಂಡಹೆಂಡಿರಿಬ್ಬರೇ. ಅಜ್ಜಿ ಊರಲ್ಲಿ, ಕಚೇರಿ ಎರಡು ಗಂಟೆಯ ದಾರಿಯಲ್ಲಿ. ರಾತ್ರಿ ಒಬ್ಬರು ಮಲಗಿದರೆ ಇನ್ನೊಬ್ಬರು ಮಗುವಿನ ಉಸಿರನ್ನು ಆಲಿಸುತ್ತ ಕುಳಿತಿರುತ್ತಾರೆ. ಇಂಥ ತಂದೆತಾಯಿಗಳು ಮಠಕ್ಕೆ ಬಂದಾಗ ಕೇಳುವ ಪ್ರಶ್ನೆಗಳು ಮೂರು. ಇದು ಯಾರ ಪಾಪದ ಫಲ? ಔಷಧವನ್ನು ನಂಬಿದರೆ ದೇವರನ್ನು ನಂಬದಂತಾಗುವುದಿಲ್ಲವೇ? ನಮ್ಮ ವ್ರತನಿಯಮಗಳೆಲ್ಲ ತಪ್ಪಿಹೋದುವಲ್ಲ, ನಮಗೂ ಈ ಮಗುವಿಗೂ ಸಾಧನೆಯೆಲ್ಲಿ ಬಂತು? ಈ ಮೂರನ್ನೂ ಶ್ರೀಮದಾಚಾರ್ಯರ ಸಿದ್ಧಾಂತದ ಬೆಳಕಿನಲ್ಲಿ ವಿಚಾರಿಸೋಣ.

ಮೊದಲನೆಯದು ಪಾಪದ ಪ್ರಶ್ನೆ. ಲೋಕದಲ್ಲಿ ಒಬ್ಬನಿಗೆ ಸುಖ, ಒಬ್ಬನಿಗೆ ದುಃಖ ಕಾಣುತ್ತದೆ. ಹಾಗಾದರೆ ಭಗವಂತನಲ್ಲಿ ಪಕ್ಷಪಾತವೂ ನಿರ್ದಯತೆಯೂ ಉಂಟೇ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರಗಳು ಎತ್ತಿಕೊಂಡು ಪರಿಹರಿಸಿವೆ. ಜೀವರ ಅನಾದಿಕರ್ಮವನ್ನು ಅನುಸರಿಸಿ ಫಲ ಕೊಡುವುದರಿಂದ ಅವನಲ್ಲಿ ಆ ದೋಷಗಳಿಲ್ಲ ಎಂಬುದು ಅಲ್ಲಿಯ ನಿರ್ಣಯ. ಕರ್ಮಸಿದ್ಧಾಂತವು ಬಂದದ್ದು ದೇವರ ಮೇಲಿನ ಕ್ರೌರ್ಯದ ಆರೋಪವನ್ನು ಕಳೆಯುವುದಕ್ಕೆ. ನೊಂದ ತಾಯಿಯ ಬೆನ್ನಿಗೆ ಬಾರಿಸಲು ನೆರೆಯವರ ಕೈಗೆ ಚಾಟಿಯನ್ನು ಕೊಡುವುದಕ್ಕಲ್ಲ. ಇಂಥ ಜನ್ಮದ ಇಂಥ ಕರ್ಮಕ್ಕೆ ಇದು ಫಲವೆಂದು ನಿರ್ಧರಿಸುವ ಸಾಮರ್ಥ್ಯ ಸರ್ವಜ್ಞನಿಗೆ ಮಾತ್ರ ಉಂಟು. ಕರ್ಮದ ಗತಿಯನ್ನು ತಿಳಿಯುವುದು ಕಷ್ಟವೆಂದು ಶ್ರೀಕೃಷ್ಣನೇ ಅರ್ಜುನನಿಗೆ ತಿಳಿಸಿರುವಾಗ, ನಾಮಕರಣಕ್ಕೋ ಸತ್ಯನಾರಾಯಣ ಪೂಜೆಗೋ ಬಂದ ಅತಿಥಿಗಳು ಊಟದೆಲೆಯ ಮುಂದೆ ಕುಳಿತು ಅದನ್ನು ನಿರ್ಣಯಿಸುವುದು ಎಂಥ ಸಾಹಸ! ‘ಬಸುರಿಯಲ್ಲಿ ಗ್ರಹಣ ನೋಡಿದ್ದೆಯಾ?’, ‘ನಾಗನ ಹರಕೆ ತಪ್ಪಿತೇ?’ ಎಂದು ಕೇಳುವವರು ಮಗುವಿಗೆ ಉಪಕಾರ ಮಾಡುವುದಿಲ್ಲ. ತಾಯಿಗೆ ಮಾತ್ರ ಅಪಕಾರ ಮಾಡುತ್ತಾರೆ.

ನಮ್ಮ ಸಂಪ್ರದಾಯದ ಮೂಲದಲ್ಲಿಯೇ ಇಂಥ ನೋವನ್ನುಂಡ ದಂಪತಿಗಳಿದ್ದಾರೆಂಬುದನ್ನು ಮರೆಯಬಾರದು. ಪಾಜಕದ ಮಧ್ಯಗೇಹ ಭಟ್ಟರು ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡು, ರಜತಪೀಠಪುರದ ಅನಂತೇಶ್ವರನನ್ನು ಹನ್ನೆರಡು ವರ್ಷ ಸೇವಿಸಿದರು. ಅವರನ್ನು ಪಾಪಿಗಳೆನ್ನಲು ಯಾವ ನಾಲಿಗೆಗೆ ಧೈರ್ಯವಿದೆ? ಅವರ ಮಡಿಲಿಗೇ ಅಲ್ಲವೇ ವಾಯುದೇವರು ಅವತರಿಸಿದ್ದು!

ಎರಡನೆಯದು ಔಷಧದ ಪ್ರಶ್ನೆ. ಸುಮಧ್ವವಿಜಯದಲ್ಲಿ ಬರುವ ಪ್ರಸಂಗ ಎಲ್ಲರಿಗೂ ಗೊತ್ತು. ತಾಯಿ ಮನೆಯಲ್ಲಿಲ್ಲದಾಗ ಹಸಿದು ಅತ್ತ ಶಿಶು ವಾಸುದೇವನಿಗೆ ಅಕ್ಕನು ಬೇಯಿಸಿದ ಹುರುಳಿಯನ್ನು ತಿನ್ನಿಸಿದಳು. ಮರಳಿ ಬಂದ ತಾಯಿ ಇದನ್ನು ತಿಳಿದು ಹೆದರಿದಳು. ಮಗುವಿಗೆ ಏನೂ ಆಗಲಿಲ್ಲ. ಈ ಕಥೆಯನ್ನು ಹೇಳಿ, ‘ದೇವರ ಮೇಲೆ ಭಾರ ಹಾಕಿ ಗುಳಿಗೆ ನಿಲ್ಲಿಸಿ’ ಎನ್ನುವವರುಂಟು. ಅದು ಕಥೆಯ ತಾತ್ಪರ್ಯವಲ್ಲ. ಹುರುಳಿಯನ್ನು ಅರಗಿಸಿದ್ದು ಅವತಾರಶಿಶು. ನಮ್ಮ ಮನೆಯ ಕೂಸಿಗೆ ತೂಕ ನೋಡಿ ವೈದ್ಯರು ಬರೆದುಕೊಟ್ಟಷ್ಟೇ ಮಿಲಿಲೀಟರಿನ ಔಷಧ ಬೇಕು. ಸಾಕ್ಷಾತ್ ವಾಯುದೇವರೇ ತೊಡೆಯ ಮೇಲಿದ್ದಾಗಲೂ ಆ ತಾಯಿಗೆ ಭಯವಾಯಿತು. ಆ ಭಯವನ್ನು ಅಶ್ರದ್ಧೆಯೆಂದು ಯಾರೂ ಎಣಿಸಿಲ್ಲ, ವಾತ್ಸಲ್ಯವೆಂದೇ ಎಣಿಸಿದ್ದಾರೆ.

ಜೀವನ ಕರ್ತೃತ್ವವು ಸುಳ್ಳಲ್ಲ; ಆದರೆ ಅದು ಭಗವದಧೀನ. ಇದು ಆಚಾರ್ಯರ ಮತ. ಕರ್ತೃತ್ವವು ನಿಜವಾದ್ದರಿಂದ ಹೊತ್ತಿಗೆ ಸರಿಯಾಗಿ ಔಷಧ ಕೊಡುವ ಕರ್ತವ್ಯ ನಮ್ಮದು. ಅದು ಅಧೀನವಾದ್ದರಿಂದ, ಎಲ್ಲವನ್ನೂ ಮಾಡಿದ ಮೇಲೂ ಫಿಟ್ಸ್ ಬಂದರೆ ‘ನನ್ನಿಂದಲೇ ಹೀಗಾಯಿತು’ ಎಂದು ತಾಯಿ ತನ್ನನ್ನು ಹಳಿದುಕೊಳ್ಳಬೇಕಾಗಿಲ್ಲ. ಸರಿಯಾದ ಚಿಕಿತ್ಸೆ ದೊರೆತರೆ ನೂರಕ್ಕೆ ಎಪ್ಪತ್ತರಷ್ಟು ಮಂದಿ ಫಿಟ್ಸ್ ಇಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದವರ ಮನೆಗಳಲ್ಲಿ ಹೋರಾಟ ದೀರ್ಘವಾಗಿರುತ್ತದೆ. ಯಾವ ಮಗುವಿನ ವಿಷಯದಲ್ಲಿಯೂ ಹರಕೆ ಹೊತ್ತ ಮಾತ್ರಕ್ಕೆ ಔಷಧವನ್ನು ತಟ್ಟನೆ ನಿಲ್ಲಿಸಬಾರದು. ಹಾಗೆ ಮಾಡಿದರೆ ಬಿಡದೆ ಮರುಕಳಿಸುವ ಫಿಟ್ಸ್‌ನಿಂದ ಪ್ರಾಣಾಪಾಯವೇ ಒದಗಬಹುದು. ಧನ್ವಂತರಿಯ ಸನ್ನಿಧಾನವಿಲ್ಲದೆ ಔಷಧಕ್ಕೆ ಶಕ್ತಿಯೆಲ್ಲಿಯದು? ಅವನನ್ನು ಸ್ಮರಿಸಿ ಕೊಡಿರಿ, ಹರಕೆಯನ್ನೂ ಸಲ್ಲಿಸಿರಿ. ಎರಡಕ್ಕೂ ವಿರೋಧವಿಲ್ಲ.

ಮೂರನೆಯದು ನಿಯಮದ ಪ್ರಶ್ನೆ. ಎಂಟು ವರ್ಷ ತುಂಬದ ಮಕ್ಕಳಿಗೆ ಏಕಾದಶಿಯ ಉಪವಾಸವನ್ನು ಶಾಸ್ತ್ರವು ವಿಧಿಸಿಲ್ಲ. ವ್ರತವನ್ನು ಕೆಡಿಸದ ಎಂಟರಲ್ಲಿ ಔಷಧವೂ ಒಂದೆಂದು ಮಹಾಭಾರತದ ಉದ್ಯೋಗಪರ್ವದಲ್ಲಿ ಉಕ್ತವಾಗಿದೆ. ನಿದ್ದೆಗೆಟ್ಟರೆ ಫಿಟ್ಸ್ ಕೆರಳುವುದರಿಂದ, ಗೋಕುಲಾಷ್ಟಮಿಯ ನಡುರಾತ್ರಿಯ ಅರ್ಘ್ಯಕ್ಕೆ ಇಂಥ ಮಗುವನ್ನು ಎಬ್ಬಿಸಬೇಡಿರಿ. ಮಲಗಿದ ಕೂಸಿನ ಪರವಾಗಿ ನೀವೇ ಕೈಮುಗಿದರೆ ಸಾಕು. ಕರ್ಪೂರವನ್ನು ನುಂಗಿದ ಮಕ್ಕಳಿಗೆ ಫಿಟ್ಸ್ ಬರುವುದು ವೈದ್ಯರಿಗೆ ಚೆನ್ನಾಗಿ ತಿಳಿದ ಸಂಗತಿ. ಆದುದರಿಂದ ಆರತಿಯ ಕರ್ಪೂರದ ಡಬ್ಬಿ ಕೈಗೆಟುಕದ ಎತ್ತರದಲ್ಲಿರಲಿ. ಕೆಲವು ಮಕ್ಕಳಿಗೆ ವೈದ್ಯರು ಕೊಬ್ಬು ಹೆಚ್ಚು, ಅನ್ನ ಸಕ್ಕರೆಗಳು ಅತ್ಯಲ್ಪವಾಗಿರುವ ಆಹಾರವನ್ನು ಕಟ್ಟುನಿಟ್ಟಾಗಿ ವಿಧಿಸಿರುತ್ತಾರೆ. ಅಂಥ ಮಗುವಿಗೆ ಪಂಚಕಜ್ಜಾಯ ಬೇಡವೆಂದು ತಾಯಿ ಹೇಳಿದರೆ ಪ್ರಸಾದವನ್ನು ತಿರಸ್ಕರಿಸಿದಳೆಂದು ಮುನಿಯಬಾರದು. ಒಂದು ತುಲಸೀದಳದಲ್ಲಿ ಭಗವಂತನ ಅನುಗ್ರಹಕ್ಕೆ ಕೊರತೆಯೇನು?

ಮಡಿಯಲ್ಲಿರುವಾಗ ಮಗು ಫಿಟ್ಸ್ ಬಂದು ಬಿದ್ದರೆ ಮುಟ್ಟಬಹುದೇ ಎಂದು ಯೋಚಿಸುತ್ತ ನಿಲ್ಲಬೇಡಿರಿ. ಮಿಂದು ಮತ್ತೆ ಮಡಿಯುಡಬಹುದು. ಕಳೆದ ಐದು ನಿಮಿಷ ಮರಳಿ ಬಾರದು. ದೀಪ, ಒಲೆ, ನೀರಿನ ಬಕೆಟ್ಟುಗಳಿಂದ ಮಗುವನ್ನು ದೂರ ಸರಿಸಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿರಿ. ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಡಿರಿ. ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ತೀರ್ಥವನ್ನಾಗಲಿ ಹಾಕಬೇಡಿರಿ. ಅದು ಶ್ವಾಸನಾಳಕ್ಕೆ ಇಳಿದೀತು. ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ವ್ಯರ್ಥ. ಗಡಿಯಾರ ನೋಡಿರಿ. ಐದು ನಿಮಿಷ ಮೀರಿದರೆ ವೈದ್ಯರು ಮೊದಲೇ ಕೊಟ್ಟಿರುವ, ಮೂಗಿಗೆ ಸಿಂಪಡಿಸುವ ತುರ್ತು ಔಷಧವನ್ನು ಅವರು ಹೇಳಿದ ಪ್ರಮಾಣದಲ್ಲಿ ಕೊಟ್ಟು ಆಸ್ಪತ್ರೆಗೆ ಹೊರಡಿರಿ. ಅಂಥ ಔಷಧ ಮನೆಯಲ್ಲಿಲ್ಲದಿದ್ದರೆ ಕಾಯದೆ ಹೊರಡಿರಿ. ಆ ಹೊತ್ತಿನಲ್ಲಿ ಇದೇ ಅನುಷ್ಠಾನ.

ಇನ್ನು ಮಗುವಿನ ಸಾಧನೆಯೆಲ್ಲಿ ಎಂಬ ಮಾತು. ಕಣ್ಣು, ಕಿವಿ, ಮಾತು, ಮನಸ್ಸುಗಳು ತಾವೇ ಹಿರಿಯರೆಂದು ವಾದಿಸಿದ ಕಥೆ ಉಪನಿಷತ್ತುಗಳಲ್ಲಿದೆ. ಒಂದೊಂದೇ ಇಂದ್ರಿಯ ಹೊರಟುಹೋದಾಗಲೂ ದೇಹ ಬದುಕಿತ್ತು. ಪ್ರಾಣನು ಏಳಲು ಉದ್ಯುಕ್ತನಾದೊಡನೆ ಉಳಿದೆಲ್ಲರ ಬುಡವೂ ಅಲುಗಾಡಿತು. ಮಗುವಿನ ಕಣ್ಣು ಮೇಲೆ ಸಿಕ್ಕಿಕೊಂಡು, ಕರೆದರೆ ಓಗೊಡದೆ, ತಾಯಿಯ ಗುರುತೂ ಅಳಿದುಹೋದ ಆ ನಿಮಿಷಗಳಲ್ಲಿ ಈ ಕಥೆಯನ್ನು ನೆನೆಯಬೇಕು. ಇಂದ್ರಿಯಗಳು ಬಾಗಿಲು ಮುಚ್ಚಿವೆ, ಮುಖ್ಯಪ್ರಾಣನು ಎದ್ದಿದ್ದಾನೆ. ಹಗಲಿರುಳಿಗೆ 21,600 ಶ್ವಾಸಗಳಿಂದ ಹಂಸಮಂತ್ರವನ್ನು ಜಪಿಸುವ ಆ ಸ್ವಾಮಿಯು ಈ ಕೂಸಿನ ಎದೆಗೂಡಿನಲ್ಲಿಯೂ ಅದೇ ಜಪವನ್ನು ನಡೆಸುತ್ತಿದ್ದಾನೆ. ಮಗು ಮರೆತರೂ ಅವನು ಮರೆಯುವುದಿಲ್ಲ. ಅವನೊಳಗೆ ಬಿಂಬರೂಪಿಯಾದ ಶ್ರೀಹರಿಯಿದ್ದಾನೆ.

ಜೀವಸ್ವರೂಪವು ಜ್ಞಾನಾನಂದಾತ್ಮಕ, ಮಿದುಳಿನ ವ್ಯಾಧಿ ದೇಹವನ್ನು ಮುಟ್ಟೀತೇ ಹೊರತು ಸ್ವರೂಪವನ್ನು ಮುಟ್ಟಲಾರದು. ಜೀವರಲ್ಲಿ ತಾರತಮ್ಯವಿದೆಯೆಂದು ಆಚಾರ್ಯರು ಹೇಳಿದ್ದು ನಿಜ. ಆದರೆ ಅದು ಶಾಲೆಯ ಅಂಕಪಟ್ಟಿಯ ತಾರತಮ್ಯವಲ್ಲ. ತಡವಾಗಿ ಮಾತು ಬಂದ ಮಗುವಿನ ಯೋಗ್ಯತೆ ಏನೆಂಬುದು, ಆ ಯೋಗ್ಯತೆಯನ್ನು ಬಲ್ಲ ಹರಿಗೆ ಬಿಟ್ಟ ವಿಷಯ. ಅದರೊಳಗೆ ಎಂಥ ಸಾತ್ತ್ವಿಕ ಜೀವವಿದೆಯೋ ನಾವೇನು ಬಲ್ಲೆವು! ಅದರ ಬಾಯೊರೆಸುವ ಕೈ ಅಂತರ್ಯಾಮಿಯನ್ನು ಪೂಜಿಸುವ ಕೈಯೇ ಆಗಿದೆ. ಈ ಅನುಸಂಧಾನವಿದ್ದರೆ ರಾತ್ರಿಯ ಜಾಗರಣೆಯೂ ಏಕಾದಶಿಯ ಜಾಗರಣೆಯಷ್ಟೇ ಪವಿತ್ರವಾದೀತು.

ಕಡೆಗೆ ಸಮಾಜಕ್ಕೊಂದು ಮಾತು. ‘ಮುಂದೆ ಮದುವೆಯಾಗದು’ ಎಂದು ಹೆದರಿ, ಹೆಣ್ಣುಮಕ್ಕಳ ರೋಗವನ್ನು ವೈದ್ಯರಿಗೂ ತೋರಿಸದೆ ಮುಚ್ಚಿಡುವವರುಂಟು. 1955ರ ಹಿಂದೂ ವಿವಾಹ ಕಾನೂನಿನಲ್ಲಿ ಅಪಸ್ಮಾರವು ಮದುವೆಗೆ ಅಡ್ಡಿಯೆಂದಿದ್ದ ಮಾತನ್ನು 1999ರಲ್ಲಿ ಸಂಸತ್ತೇ ತೆಗೆದುಹಾಕಿದೆ. ಕಾನೂನು ಬಿಟ್ಟುದನ್ನು ನಮ್ಮ ನಾಲಿಗೆಗಳು ಇನ್ನೂ ಹಿಡಿದುಕೊಂಡಿರುವುದು ನ್ಯಾಯವಲ್ಲ. ಆರಾಧನೆ, ಉತ್ಸವಗಳಿಗೆ ಇಂಥ ಮಕ್ಕಳನ್ನು ಕರೆತನ್ನಿ ಎಂದು ನಾವಾಗಿಯೇ ಹೇಳಬೇಕು. ಅಲಂಕಾರಪಂಕ್ತಿಯ ಹೊತ್ತಿನಲ್ಲಿ ಮಗುವನ್ನು ಅರ್ಧ ಗಂಟೆ ನೋಡಿಕೊಂಡು, ಆ ತಾಯಿಯನ್ನು ನೆಮ್ಮದಿಯಿಂದ ಒಂದು ತುತ್ತು ಉಣ್ಣಗೊಡುವುದು ಅನ್ನದಾನಕ್ಕೆ ಕಡಿಮೆಯಾದ ಸೇವೆಯಲ್ಲ. ಮೊದಲು ಏನು ಮಾಡಬೇಕೆಂಬುದನ್ನು ಅವಳಿಂದಲೇ ಕೇಳಿ ಕಲಿತುಕೊಳ್ಳಿರಿ.

ಎಲ್ಲರ ದೇಹದಲ್ಲಿಯೂ ನಿದ್ರೆಯಿಲ್ಲದೆ ಕಾದಿರುವ ಮುಖ್ಯಪ್ರಾಣನ ಅಂತರ್ಗತನಾದ ಶ್ರೀಲಕ್ಷ್ಮೀನಾರಾಯಣನು ಈ ಮಕ್ಕಳಿಗೆ ಆಯುರಾರೋಗ್ಯಗಳನ್ನೂ, ಹೆತ್ತವರಿಗೆ ಧೈರ್ಯವನ್ನೂ, ನಮಗೆಲ್ಲರಿಗೆ ನೊಂದವರ ಮುಂದೆ ಮಾತನ್ನು ತೂಗಿ ಆಡುವ ವಿವೇಕವನ್ನೂ ಕರುಣಿಸಲೆಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.