ವೀನಸ್ಸಿನ ಮೈ, ಹೆಂಡತಿಯ ಮುಖ

ಕೋಪನ್‌ಹೇಗನ್ನಿನಲ್ಲಿ ಬಿಯರ್ ಉದ್ಯಮಿ ಕಾರ್ಲ್ ಯಾಕೋಬ್ಸೆನ್ ಕಟ್ಟಿಸಿದ ಗ್ಲಿಪ್ಟೊಟೆಕ್ ಎಂಬ ಶಿಲ್ಪಸಂಗ್ರಹಾಲಯವಿದೆ. ಅಲ್ಲಿರುವ ಅಮೃತಶಿಲೆಯ ಹೆಂಗಸೊಬ್ಬಳನ್ನು ನೋಡಿ ನನ್ನ ಮಗಳು ನಕ್ಕೇಬಿಟ್ಟಳು. ಕ್ರಿ.ಶ. ಮೊದಲನೆಯ ಶತಮಾನದ ಕೊನೆಯ ರೋಮನ್ ಶಿಲ್ಪ ಅದು. ಮುಖ ನಡುವಯಸ್ಸಿನ ಗೃಹಿಣಿಯದು. ಹಣೆಯ ಮೇಲೆ ಆ ಕಾಲದ ಫ್ಯಾಷನ್ನಿನಂತೆ ಗುಂಗುರು ಕೂದಲನ್ನು ಎತ್ತರಕ್ಕೆ ಪೇರಿಸಿದ್ದಾರೆ. ಕತ್ತಿನ ಕೆಳಗೆ ಮಾತ್ರ ಹರೆಯದ ಬತ್ತಲೆ ವೀನಸ್ ದೇವತೆ. "ಅಮ್ಮಾ, ತಲೆ ಅತ್ತೆಯದು, ಮೈ ಸೊಸೆಯದು" ಎಂದಳು. ಅವಳನ್ನೇನು ಅನ್ನುವುದು, ದೊಡ್ಡ ದೊಡ್ಡ ವಿದ್ವಾಂಸರೇ ಇಂಥ ಶಿಲ್ಪಗಳನ್ನು ಬಹುಕಾಲ ಅಭಿರುಚಿಗೇಡಿತನ ಎಂದು ತಳ್ಳಿಹಾಕಿದ್ದರು.

ಅರವತ್ತು ದಾಟಿದ ನನಗೆ ನಗು ಬರಲಿಲ್ಲ. ರೋಮಿನ ಮರ್ಯಾದಸ್ಥ ಗೃಹಿಣಿ ಪಾದ ಮುಚ್ಚುವ ಸ್ಟೋಲಾ ಎಂಬ ನಿಲುವಂಗಿ ತೊಟ್ಟು, ಮೇಲೆ ಪಲ್ಲಾ ಎಂಬ ಶಾಲು ಹೊದ್ದು ಹೊರಗೆ ಬರುತ್ತಿದ್ದವಳು. ಇಲ್ಲಿ ಕಾಣುವುದು ಅವಳ ಸ್ವಂತ ಮೈಯಲ್ಲ ಎಂಬುದು ನೋಡುವವರಿಗೆಲ್ಲ ಗೊತ್ತಿತ್ತು. ಚೆಲುವು, ಒಲವು, ಸಂತಾನಭಾಗ್ಯ ಎಂಬ ದೇವತೆಯ ಗುಣಗಳನ್ನು ಆಕೆಗೆ ತೊಡಿಸಿದ್ದಾರೆ. ಮುಖವನ್ನು ಮಾತ್ರ ಮುಟ್ಟಿಲ್ಲ. ಮುಖವನ್ನೂ ತಿದ್ದಿದ್ದರೆ ಉಳಿಯುತ್ತಿದ್ದುದು ಬರೀ ವೀನಸ್, ಹೆಂಡತಿ ಕಾಣೆಯಾಗುತ್ತಿದ್ದಳು.

ಇಂಥ ಶಿಲ್ಪಗಳು ಸಮಾಧಿಗಳಲ್ಲೂ ಇದ್ದವು. ಹಾಗಾದರೆ ತೀರಿಹೋದವಳು ದೇವತೆಯಾದಳೇ? ನಮ್ಮ ಮನೆಯಲ್ಲಿ ಸತ್ತವರ ಪಟವನ್ನು ದೇವರ ಕೋಣೆಯೊಳಗೆ ಇಡುವುದಿಲ್ಲ, ನಡುಮನೆಯ ಗೋಡೆಗೆ ಹಾಕಿ ಹಾರ ಹಾಕುತ್ತೇವೆ. ಅದಕ್ಕೇ ಈ ಪ್ರಶ್ನೆ ನನ್ನನ್ನು ಸುಮ್ಮನೆ ಬಿಡಲಿಲ್ಲ.

ರೋಮಿನಲ್ಲಿ ದೇವರಾಗಲು ಸರ್ಕಾರಿ ದಾರಿಯೇ ಇತ್ತು. ಕ್ರಿ.ಶ. 38ರಲ್ಲಿ ಚಕ್ರವರ್ತಿ ಕ್ಯಾಲಿಗುಲನ ತಂಗಿ ಡ್ರುಸಿಲ್ಲಾ ಸತ್ತಾಗ ಆಕೆಯನ್ನು ದೇವತೆಯೆಂದು ಘೋಷಿಸಲಾಯಿತು. ಆ ಪದವಿ ಪಡೆದ ಮೊದಲ ರೋಮನ್ ಹೆಂಗಸು ಅವಳೇ. ಅವಳು ಸ್ವರ್ಗಕ್ಕೆ ಏರಿದ್ದನ್ನು ಕಣ್ಣಾರೆ ಕಂಡೆ, ಸುಳ್ಳಾದರೆ ನಾನೂ ನನ್ನ ಮಕ್ಕಳೂ ಹಾಳಾಗಲಿ ಎಂದು ಲಿವಿಯಸ್ ಜೆಮಿನಿಯಸ್ ಎಂಬ ಸೆನೆಟರ್ ಆಣೆ ಇಟ್ಟನಂತೆ. ಅದಕ್ಕೆ ಹತ್ತು ಲಕ್ಷ ಸೆಸ್ಟರ್ಸ್ ನಾಣ್ಯಗಳ ಬಹುಮಾನ ಸಿಕ್ಕಿತೆಂದು ಇತಿಹಾಸಕಾರ ಡಿಯೊ ಬರೆದಿದ್ದಾನೆ.

ಇನ್ನೊಂದು ದಾರಿ ಗಂಡನ ದುಃಖದ್ದು. ಎರಡನೆಯ ಶತಮಾನದಲ್ಲಿ ಮಾರ್ಕಸ್ ಉಲ್ಪಿಯಸ್ ಕ್ರೊಟೊನೆನ್ಸಿಸ್ ಎಂಬವನು ರೋಮಿನ ಹೊರಗೆ, ಆಪಿಯನ್ ರಸ್ತೆಯ ಬಳಿ ಹೆಂಡತಿ ಕ್ಲಾಡಿಯಾ ಸೆಮ್ನೆಗೆ ಸಮಾಧಿ ಕಟ್ಟಿಸಿದ. ಚಕ್ರವರ್ತಿಯ ಗುಲಾಮನಾಗಿದ್ದು ಬಿಡುಗಡೆ ಪಡೆದವನು ಅವನು. ರೋಮನ್ ಕಾನೂನಿನ ಕಣ್ಣಿನಲ್ಲಿ ಗುಲಾಮನಿಗೆ ತಂದೆಯೇ ಇಲ್ಲ. ದೊಡ್ಡ ಮನೆತನದವರು ಶವಯಾತ್ರೆಯಲ್ಲಿ ಮೆರೆಸುತ್ತಿದ್ದ ಪೂರ್ವಜರ ಮೇಣದ ಮುಖವಾಡಗಳು ಅವನಿಗೆ ಎಲ್ಲಿಂದ ಬರಬೇಕು? ಅದರ ಬದಲು ದೇವತೆಗಳ ರೂಪವನ್ನು ಆರಿಸಿಕೊಂಡನೇನೋ. ಅವನ ಶಾಸನ ತೋಟ, ಚಪ್ಪರ, ಪುಟ್ಟ ದ್ರಾಕ್ಷಿ ಹಿತ್ತಲು, ಬಾವಿ, ಸುತ್ತ ಕಟ್ಟಿಸಿದ ಗೋಡೆ ಎಲ್ಲವನ್ನೂ ಪಟ್ಟಿ ಮಾಡುತ್ತದೆ. ಅಲ್ಲಿನ ಚಿಕ್ಕ ಗುಡಿಗಳಲ್ಲಿ ಸೆಮ್ನೆಯ ವಿಗ್ರಹಗಳು ದೇವತೆಗಳ ರೂಪದಲ್ಲಿವೆ ಎನ್ನುತ್ತದೆ. ಅರ್ಪಣೆ ಮಾತ್ರ ಮೊದಲು ಅದೃಷ್ಟದೇವತೆಗೆ, ಭರವಸೆಯ ದೇವತೆಗೆ, ವೀನಸ್ಸಿಗೆ. ಆಮೇಲೆ ಕ್ಲಾಡಿಯಾ ಸೆಮ್ನೆಯ ನೆನಪಿಗೆ. ಹೆಂಡತಿಗೆ ವೀನಸ್ಸಿನ ರೂಪ ಕೊಟ್ಟವನು ಅವಳನ್ನೇ ವೀನಸ್ ಎಂದು ಕರೆಯಲಿಲ್ಲ.

ಡ್ರುಸಿಲ್ಲಾ ದೇವತೆಯಾಗಲು ಸಾಕ್ಷಿ ಬೇಕಾಯಿತು, ಸಾಕ್ಷಿಗೆ ದುಡ್ಡು ಬೇಕಾಯಿತು. ಸೆಮ್ನೆಯ ಗಂಡ ಯಾರಿಗೂ ಏನನ್ನೂ ಸಾಬೀತು ಮಾಡಲು ಹೊರಟಿಲ್ಲ. ಆಣೆ ಇಟ್ಟ ಸೆನೆಟರ್, ಈ ಗಂಡ, ಇಬ್ಬರಲ್ಲಿ ಭಕ್ತ ಯಾರು ಎಂದು ಕೇಳಿದರೆ ನನ್ನ ಓಟು, ಬಾವಿಯನ್ನೂ ಮರೆಯದೆ ಶಾಸನಕ್ಕೆ ಸೇರಿಸಿದ ಆ ಮಾಜಿ ಗುಲಾಮನಿಗೆ.