"ಎಷ್ಟಾಗತೈತ್ರಿ?"

ವಾಸ್ಕೋದ ಬೈನಾ, ಝುವಾರಿನಗರದ ಕಡೆ ಹೋದರೆ ನಮ್ಮ ವಿಜಯಪುರ, ಗದಗ, ಹಾವೇರಿ ಕಡೆಯ ಜನ ಬಹಳ ಸಿಗುತ್ತಾರೆ. ಗೌಂಡಿ ಕೆಲಸ, ಹಮಾಲಿ, ಮನೆಗೆಲಸ ಮಾಡಿ ಬದುಕುವವರು. ಅಂಥ ಒಂದು ಮನೆಯಲ್ಲಿ ಆರು ತಿಂಗಳಿಗೇ ಹೆರಿಗೆಯಾಯಿತು. ಕೂಸಿನ ತೂಕ ಒಂದು ಕಿಲೋ ಸಹ ಇರಲಿಲ್ಲ. ಉಸಿರಾಟದ ಯಂತ್ರ ಹಾಕಬೇಕು ಎಂದು ಖಾಸಗಿ ಆಸ್ಪತ್ರೆಯ ಡಾಕ್ಟರು ಹೇಳಿದಾಗ ಅಪ್ಪನ ಬಾಯಿಂದ ಮೊದಲು ಬಂದ ಮಾತು, "ಎಷ್ಟಾಗತೈತ್ರಿ ಸಾಹೇಬ್ರ?"

ಆಮೇಲೆ ನನ್ನ ಮುಂದೆ ಕೂತು ಅತ್ತ. "ಕೂಸು ಉಳೀತೈತೇನ್ರಿ ಅಂತ ಕೇಳಬೇಕಿತ್ರಿ ಅಣ್ಣಾರ. ನಾ ರೊಕ್ಕ ಕೇಳಿದೆ."

ಹಾಗೆ ಕೇಳಿದ್ದು ತಪ್ಪೇ? 28 ವಾರ ತುಂಬುವ ಮೊದಲೇ ಹುಟ್ಟಿದ ಕೂಸಿನ ಶ್ವಾಸಕೋಶ ಬಲಿತಿರುವುದಿಲ್ಲ. ಮೆದುಳಿನಲ್ಲಿ ರಕ್ತಸ್ರಾವವಾಗಬಹುದು, ಕಣ್ಣು ಹೋಗಬಹುದು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲೇ ಇಡಬೇಕು. ಹಾಗೆ ಉಳಿದ ಎಷ್ಟೋ ಮಕ್ಕಳು ಚೆನ್ನಾಗಿ ಬೆಳೆದು ಸಾಲಿಗೆ ಹೋಗುತ್ತಾರೆ. ಕೆಲವರು ಜೀವಮಾನವಿಡೀ ನರಳುತ್ತಾರೆ. ಈ ಕೂಸು ಯಾವ ಕಡೆ ಎಂದು ಮೊದಲೇ ಖಚಿತವಾಗಿ ಯಾರೂ ಹೇಳಲಾರರು. ಅವನಿಗೆ ಮನೆಯಲ್ಲಿ ಇನ್ನೊಬ್ಬ ಮಗಳಿದ್ದಾಳೆ. ಊರಿನ ಎರಡೆಕರೆ ಮಾರಿದರೆ ಅವಳ ಗತಿಯೇನು? ಖರ್ಚು ಕೇಳುವುದೂ ಅಪ್ಪನ ಕರ್ತವ್ಯವೇ. ಇನ್ನೊಂದು ಕಡೆ, "ರೊಕ್ಕದ ಚಿಂತಿಲ್ಲ, ಎಲ್ಲಾ ಮಾಡ್ರಿ" ಎನ್ನುವ ಶ್ರೀಮಂತನ ಮಾತೆಲ್ಲ ಪ್ರೀತಿಯೇ ಎನ್ನಲಾಗದು. ಗುಣವಾಗುವ ಆಸೆ ಮುಗಿದ ಮೇಲೂ ಸೂಜಿ ಚುಚ್ಚಿಸಿಕೊಳ್ಳುವುದು ಕೂಸು, ನಾವಲ್ಲ.

2018ರಲ್ಲಿ ಸುಪ್ರೀಂ ಕೋರ್ಟು ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿತು. ವಾಸಿಯಾಗದ ಸ್ಥಿತಿಯಲ್ಲಿ ನನಗೆ ಯಂತ್ರ ಬೇಡ ಎಂದು ಮೊದಲೇ ಬರೆದಿಡಬಹುದು. 2024ರಲ್ಲಿ ಗೋವಾದ ಹೈಕೋರ್ಟ್ ನ್ಯಾಯಮೂರ್ತಿ ಎಂ. ಎಸ್. ಸೋನಕ್ ಅವರು ಹಾಗೆ ಬರೆದು ನೋಂದಾಯಿಸಿದರು. ಕೂಸು ಏನು ಬರೆದಿಟ್ಟೀತು? ಅದರ ಪರವಾಗಿ ತಂದೆ-ತಾಯಿ, ಡಾಕ್ಟರು ಕೂಡಿಯೇ ಯೋಚಿಸಬೇಕು. ಆ ಯೋಚನೆಯಲ್ಲಿ ಕೂಸಿನ ಹಿತವೊಂದೇ ಇರಬೇಕಾದರೆ ರೊಕ್ಕದ ಭಾರವನ್ನು ಬೇರೆಯವರು ಹೊರಬೇಕು.

ಗೋವಾ ಸರ್ಕಾರ 2016ರಲ್ಲಿ ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ ತಂದಿತು. ಮೂವರೊಳಗಿನ ಕುಟುಂಬಕ್ಕೆ ವರ್ಷಕ್ಕೆ 2.5 ಲಕ್ಷ, ಅದಕ್ಕಿಂತ ದೊಡ್ಡ ಕುಟುಂಬಕ್ಕೆ 4 ಲಕ್ಷ ರೂಪಾಯಿ. ಒಳ್ಳೆಯ ಕೆಲಸ. ಆದರೆ ಕಾರ್ಡು ಸಿಗಲು ಗೋವಾದಲ್ಲಿ ಐದು ವರ್ಷ ನೆಲೆಸಿರಬೇಕು. ಇವನು ಬಂದು ಮೂರು ವರ್ಷ. ಬಾಂಬೋಳಿಯ ಸರ್ಕಾರಿ ದೊಡ್ಡಾಸ್ಪತ್ರೆಗೆ ಒಯ್ಯೋಣವೆಂದರೆ ದಾರಿಯಲ್ಲೇ ಉಸಿರು ನಿಂತೀತೆಂಬ ಭಯ. ಆರನೇ ದಿನ "ಸಾಕು ಬಿಡ್ರಿ" ಅಂದ. ಯಂತ್ರ ತೆಗೆದು ಕೂಸನ್ನು ತಾಯಿಯ ಎದೆಯ ಮೇಲೆ ಮಲಗಿಸಿದರು. ಅಲ್ಲೇ ಹೋಯಿತು.

ಈಗಲೂ ಸಿಕ್ಕಾಗ ಕೇಳುತ್ತಾನೆ: "ಅದಕ್ಕ ಕಷ್ಟ ಆಗಬಾರದು ಅಂತ ಸಾಕು ಅಂದ್ನೋ, ರೊಕ್ಕ ತೀರಿತ್ತು ಅಂತ ಅಂದ್ನೋ?" ನನ್ನ ಬಳಿ ಉತ್ತರವಿಲ್ಲ, ಅವನಿಗೂ ತಿಳಿಯದು. ಸಾವು ಬಂದರೆ ತಡೆಯುವ ಶಕ್ತಿ ನಮಗಿಲ್ಲದಿರಬಹುದು. ಆದರೆ ಈ ಪ್ರಶ್ನೆಯನ್ನು ಒಬ್ಬ ಅಪ್ಪನ ತಲೆಯ ಮೇಲೆ ಹೊರಿಸದಿರುವುದು ನಮ್ಮೆಲ್ಲರ ಕೈಯಲ್ಲಿದೆ.